ಕಾಫಿ ಕಚ್ಚುವ ಹಲ್ಲು

ನನ್ನ ಬಾಯಲ್ಲಿದ್ದ ಒಂದು ಹಲ್ಲಿನ ವಿಷಯದಲ್ಲಿ ನನ್ನೊಬ್ಬಳನ್ನು ಬಿಟ್ಟು ಮನೆಯವರೆಲ್ಲ ಸೇರಿ ತೀರ್ಮಾನ ಮಾಡಿಯಾಗಿತ್ತು: ಕೀಳಿಸಬಾರದು. ಹಲ್ಲು ನನ್ನದು, ನೋವು ನನ್ನದು, ಕೆನ್ನೆ ಹಿಡಿದುಕೊಂಡು ನಿದ್ದೆಗೆಡುವವಳು ನಾನು; ಮಾತು ಮಾತ್ರ ಅವರದ್ದು. ಇವತ್ತಿಗೂ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಆಗ ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಮೂಡಿಗೆರೆ ತಾಲ್ಲೂಕಿನ ಜಾವಳಿ ಕಡೆಯ ಒಂದು ಸಣ್ಣ ಕಾಫಿ ತೋಟದ ಮನೆಗೆ ನಾನು ಸೊಸೆಯಾಗಿ ಬಂದು ಕೆಲವು ವರ್ಷಗಳಾಗಿದ್ದವು. ಎಸ್ಟೇಟ್ ಅಂತ ಹೇಳಿಕೊಳ್ಳುವಷ್ಟು ದೊಡ್ಡದೇನಲ್ಲ; ಲೆಕ್ಕ ಬರೆಯುವ ರೈಟರ್ ಇಲ್ಲ, ಆಳು ನೋಡುವ ಮೇಸ್ತ್ರಿ ಇಲ್ಲ, ಎಲ್ಲಾ ನನ್ನ ಮಾವನೇ. ಅಡಿಗೆಮನೆಯಲ್ಲಿ ಅತ್ತೆಯ ಮಾತು, ತೋಟದಲ್ಲಿ ಮಾವನ ಮಾತು, ಪೇಟೆಯ ವ್ಯವಹಾರವೆಲ್ಲ ಗಂಡನದು. ನನ್ನ ಮಾತು ನಡೆಯುತ್ತಿದ್ದದ್ದು ಒಂದೇ ಕಡೆ, ಕಾಫಿ ಒಣಗಿಸುವ ಕಣದಲ್ಲಿ. ಅದೂ ಈ ಹಲ್ಲಿನ ದೆಸೆಯಿಂದ.

ಹಣ್ಣು ಕೊಯ್ದು, ಸಿಪ್ಪೆ ಬಿಡಿಸಿ, ತೊಳೆದು ಬಿಸಿಲಿಗೆ ಹರವಿದ ಪಾರ್ಚ್‌ಮೆಂಟ್ ಕಾಫಿ ಒಣಗಿದೆಯೋ ಇಲ್ಲವೋ ಅಂತ ನೋಡುವುದಕ್ಕೆ ನಮ್ಮ ಕಡೆ ಹಲ್ಲೇ ಗತಿ. ಮೇಲಿನ ಹೊಟ್ಟು ಉಜ್ಜಿ ತೆಗೆದು ಒಳಗಿನ ಬೀಜವನ್ನು ದವಡೆಗೆ ಇಟ್ಟು ಕಚ್ಚುವುದು. ಹಸಿ ಇದ್ದರೆ ಬೀಜ ಮೆತ್ತಗೆ ತಗ್ಗಿ ಹಲ್ಲಿನ ಗುರುತು ಕೂರುತ್ತದೆ. ಒಣಗಿದ್ದರೆ ಬಗ್ಗುವುದಿಲ್ಲ, ಬಲವಾಗಿ ಕಚ್ಚಿದರೆ ಕಟ್ ಅಂತ ಒಡೆಯುತ್ತದೆ. ಹಸಿ ಕಾಫಿ ಚೀಲಕ್ಕೆ ಬಿತ್ತೋ, ಬೂಸ್ಟು ಹಿಡಿದು ವರ್ಷದ ದುಡಿಮೆ ಹಾಳು.

ಮೊದಲು ಈ ಕೆಲಸ ಮಾವನದೇ. ಒಂದೊಂದಾಗಿ ಹಲ್ಲೆಲ್ಲ ಬಿದ್ದು ಅವರ ಬಾಯಿ ಬೋಳಾಯಿತು. ಗಂಡನಿಗೆ ಮೂರು ಹೊತ್ತೂ ಎಲೆ ಅಡಿಕೆ. ಹಲ್ಲಿದ್ದರೂ ಅದಕ್ಕೆ ಸೂಕ್ಷ್ಮ ಇರಲಿಲ್ಲ. ಒಂದು ದಿನ ಕಾಫಿ ಕೈಯಾಡಿಸುತ್ತಿದ್ದಾಗ ನಾನು ಸುಮ್ಮನೆ ಒಂದು ಬೀಜ ಕಚ್ಚಿ, ಇದು ಇನ್ನೂ ಹಸಿ ಅಂದೆ. ಮಾವ ನಾಲ್ಕಾರು ಕಡೆಯಿಂದ ಬೀಜ ಎತ್ತಿ ಕೊಟ್ಟು ಕಚ್ಚಿಸಿ, ಉಗುರಿನಲ್ಲಿ ಒತ್ತಿ ನೋಡಿ, ಸರಿ ಅಂದರು. ಅವತ್ತಿನಿಂದ ನಾನು 'ಆಯ್ತು' ಅನ್ನದೆ ಚೀಲದ ಬಾಯಿ ಕಟ್ಟುತ್ತಿರಲಿಲ್ಲ. ಯಾವಾಗಲೂ ಬಲಗಡೆ ಮೇಲ್ದವಡೆಯ ಅದೇ ಹಲ್ಲಿನಲ್ಲಿ ಕಚ್ಚಬೇಕು, ಅದಕ್ಕೆ ರೂಢಿಯಾಗಿರುತ್ತದೆ ಅನ್ನುವುದು ಮಾವನ ಕಟ್ಟುನಿಟ್ಟು. ಆ ಹಲ್ಲಿಗೆ ಮನೆಯಲ್ಲಿ ನನಗಿಂತ ಹೆಚ್ಚು ಮರ್ಯಾದೆ ಇತ್ತು ಅಂದರೂ ಸುಳ್ಳಲ್ಲ.

ಆ ಹಲ್ಲಿಗೇ ನೋವು ಹಿಡಿದುಕೊಂಡಿತು. ಮೊದಲು ತಣ್ಣೀರು ಕುಡಿದಾಗ ಚುಳ್ ಅನ್ನುತ್ತಿತ್ತು. ಆಮೇಲೆ ಬಿಸಿ ಕಾಫಿಗೂ ನೋವು. ಕೊನೆಗೆ ಏನೂ ತಾಗದಿದ್ದರೂ ನೋವು, ತಲೆ ದಿಂಬಿಗೆ ಇಟ್ಟರೆ ಕಿವಿಯವರೆಗೂ ಸಿಡಿತ. ಲವಂಗ ಇಟ್ಟೆ, ಉಪ್ಪುನೀರು ಮುಕ್ಕಳಿಸಿದೆ, ಪೇರಳೆ ಚಿಗುರು ಅಗಿದೆ. ಕೆನ್ನೆ ಊದಿ ಇಳಿಯಿತು, ನೋವು ಇಳಿಯಲಿಲ್ಲ. ಕೀಳಿಸಿ ಬಿಡ್ತೇನೆ ಅಂದದ್ದೇ ತಡ, ಎಲ್ಲರಿಗೂ ಮಾತು ಬಂತು.

"ಮೇಲಿನ ಹಲ್ಲು ಕಿತ್ರೆ ಕಣ್ಣು ಹೋಗ್ತದೆ ಮಾರಾಯ್ತಿ, ಸುಮ್ನಿರು," ಅಂದರು ಅತ್ತೆ. ಹಾಗೆ ಕಣ್ಣು ಹೋದವರು ಯಾರು ಅಂತ ಕೇಳಿದರೆ ಅವರ ತವರು ಕಡೆಯ ಯಾರೋ, ಹೊರನಾಡು ಕಡೆಯ ಇನ್ಯಾರೋ. ಕೊಯ್ಲು ಮುಗಿಯಲಿ, ಆಮೇಲೆ ನೋಡೋಣ ಅಂದರು ಗಂಡ. ಮಾವ ಮಾತ್ರ ಮುಚ್ಚುಮರೆ ಮಾಡಲಿಲ್ಲ. ಆ ಹಲ್ಲು ಹೋದರೆ ಕಾಫಿ ನೋಡುವವರು ಯಾರು ಅಂತ ನೇರವಾಗಿಯೇ ಕೇಳಿದರು.

ನಿಜ ಹೇಳಬೇಕೆಂದರೆ ನನಗೂ ಹೆದರಿಕೆ ಇದ್ದದ್ದು ಅದೇ. ಕಣ್ಣಿನದಲ್ಲ. ಹಲ್ಲು ಹೋದರೆ ಕಣದಲ್ಲಿ ನನ್ನ ಮಾತೂ ಹೋಗುತ್ತದೆ, ಮತ್ತೆ ಹೊಗೆ ತುಂಬಿದ ಅಡಿಗೆಮನೆಯೊಳಗೆ ಬಾಯಿ ಮುಚ್ಚಿಕೊಂಡಿರಬೇಕು. ಆ ಹೆದರಿಕೆಗೇ ಹಲ್ಲು ಕಚ್ಚಿಕೊಂಡು ಸಹಿಸಿದೆ. ನೋವಿದ್ದರೂ ದಿನಾ ಅದರಲ್ಲೇ ಬೀಜ ಕಚ್ಚಿದೆ.

ಒಂದು ಬೆಳಿಗ್ಗೆ ಕಣದ ನಡುವಿನ ಕಾಫಿ ಕಚ್ಚಿ ನೋಡಿದೆ. ಒಣಗಿದೆ ಅನ್ನಿಸಿತು. 'ಆಯ್ತು' ಅನ್ನಲು ಬಾಯಿ ತೆರೆದವಳಿಗೆ ಯಾಕೋ ಅನುಮಾನ ಬಂದು ಇನ್ನೊಂದು ಬೀಜವನ್ನು ಎಡಗಡೆ ಇಟ್ಟು ಕಚ್ಚಿದೆ. ಮೆತ್ತಗೆ ತಗ್ಗಿತು. ಮತ್ತೆ ಬಲಗಡೆ ಕಚ್ಚಿದರೆ ತಗ್ಗಲೇ ಇಲ್ಲ. ಆಗ ಗೊತ್ತಾಯಿತು: ನೋವಿಗೆ ಹೆದರಿ ನಾನು ಕಚ್ಚುತ್ತಲೇ ಇಲ್ಲ, ಬರೀ ತಾಗಿಸುತ್ತಿದ್ದೇನೆ. ಹಾಗೆ ತಾಗಿಸಿದರೆ ಹಸಿ ಬೀಜವೂ ಗಟ್ಟಿಯೇ. ಹಲ್ಲು ನನ್ನ ಕೈಯಲ್ಲಿ ಸುಳ್ಳು ಹೇಳಿಸಲು ಹೊರಟಿತ್ತು. ನೋವು ಎಷ್ಟಾದರೂ ತಿನ್ನಲಿ, ಈ ಸುಳ್ಳನ್ನು ನಾನು ಸಹಿಸುವವಳಲ್ಲ. ಇನ್ನು ಇದು ಬಾಯಲ್ಲಿ ಇರಕೂಡದು ಅಂತ ಆ ಕ್ಷಣವೇ ತೀರ್ಮಾನಿಸಿದೆ.

ಯಾರನ್ನೂ ಕೇಳಲಿಲ್ಲ. ಕಾಫಿ ಇನ್ನೂ ಹಸಿ, ಹರವಿಯೇ ಇರಲಿ, ನಾನು ಪೇಟೆಗೆ ಹೋಗಿ ಬರ್ತೇನೆ ಅಂತ ಹೇಳಿ ಸೀರೆ ಬದಲಾಯಿಸಿ ಬಸ್ಸು ಹತ್ತಿದೆ. ಅತ್ತೆ ಹಿಂದಿನಿಂದ ಏನೋ ಕೂಗಿದರು. ಕೇಳಿಸಿತು, ಕೇಳಿಸದವಳ ಹಾಗೆ ಹೋದೆ.

ಮೂಡಿಗೆರೆಯಲ್ಲಿ ಬಟ್ಟೆ ಅಂಗಡಿಯ ಮಹಡಿಯ ಮೇಲೆ, ಸಂತೆಯ ದಿನ ಚಿಕ್ಕಮಗಳೂರಿನಿಂದ ಹಲ್ಲಿನ ಡಾಕ್ಟರೊಬ್ಬರು ಬಂದು ಕೂರುತ್ತಿದ್ದರು. ಅವತ್ತು ಸಂತೆ. ಅವರು ಕನ್ನಡಿಯ ಹಿಡಿಯಿಂದ ಒಂದೊಂದೇ ಹಲ್ಲು ತಟ್ಟಿದರು. ಆ ಹಲ್ಲಿಗೆ ಬಂದಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಬೆರಳಿನಲ್ಲಿ ಅಲ್ಲಾಡಿಸಿದರು, ಅಲ್ಲಾಡಿತು. ವಸಡು ಒತ್ತಿದರು, ಕೀವು ಬಂತು. ಬುಡವೇ ಕೊಳೆತಿದೆ, ಉಳಿಸಿಕೊಂಡರೆ ಪಕ್ಕದ್ದನ್ನೂ ಕೆಡಿಸುತ್ತದೆ ಅಂದರು. ಕಣ್ಣು ಹೋಗುತ್ತದಾ ಅಂತ ಕೇಳಿದೆ. ಕಣ್ಣಿಗೂ ಇದಕ್ಕೂ ಸಂಬಂಧವಿಲ್ಲ ಅಂದರು. ಅಲ್ಲಿಯವರೆಗೂ ಎಲ್ಲ ಸರಿ. ಇಕ್ಕಳ ತೆಗೆದವರು ಅದನ್ನು ಮತ್ತೆ ಕೆಳಗಿಟ್ಟು, ಯಜಮಾನರು ಬಂದಿದ್ದಾರಾ, ಅವರನ್ನೊಂದು ಮಾತು ಕೇಳಿ ಕೀಳೋಣ ಅನ್ನಬೇಕೇ!

"ಅವ್ರ ಬಾಯಲ್ಲಿದ್ದಿದ್ರೆ ಅವ್ರನ್ನ ಕೇಳ್ಬಹುದಿತ್ತು ಡಾಕ್ಟ್ರೇ," ಅಂದೆ. "ಇದು ನನ್ ಬಾಯಲ್ಲಿದೆ. ಕೀಳಿ."

ಅವರು ಸೂಜಿ ಚುಚ್ಚಿ, ಇಕ್ಕಳ ಮತ್ತೆ ಎತ್ತಿಕೊಂಡು ಕಿತ್ತರು. ಸಲೀಸಾಗಿ ಬರಲಿಲ್ಲ, ಅತ್ತುಬಿಟ್ಟೆ. ಆದರೆ ಹತ್ತಿ ಕಚ್ಚಿಕೊಂಡು ಮೆಟ್ಟಿಲು ಇಳಿಯುವಾಗ ಬಹಳ ದಿನಗಳ ಮೇಲೆ ತಲೆ ಹಗುರಾಗಿತ್ತು.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಬೆರಳು ತೋರಿಸಿ ಇದೆಷ್ಟು ಅಂತ ಪರೀಕ್ಷೆ ಮಾಡಿದರು. ಹತ್ತಿ ಉಗಿಯುವ ಹಾಗಿಲ್ಲ, ನಗುವ ಹಾಗಿಲ್ಲ. ಅವರು ತೋರಿಸಿದಷ್ಟೇ ಬೆರಳನ್ನು ನಾನೂ ತೋರಿಸಿ ಒಳಗೆ ಹೋದೆ. ಗಂಡ ಮಾತು ಬಿಟ್ಟರು. ಮಾರನೆಯ ದಿನದಿಂದ ಬೀಜ ಕಚ್ಚಿ ನೋಡುವ ಕೆಲಸ ಗಂಡನ ಪಾಲಾಯಿತು. ನನ್ನನ್ನು ಯಾರೂ ಕರೆಯಲಿಲ್ಲ. ಹೆದರಿದ್ದದ್ದೇ ಆಗಿತ್ತು.

ಹಾಗಂತ ಬಾಯಿ ಮುಚ್ಚಿಕೊಂಡಿರಲು ನನಗೇನು ಬಂದಿತ್ತು? ಗಾಯ ಮಾಗುವವರೆಗೆ ಕಾದೆ. ಆಮೇಲೆ ಯಾರೂ ಕರೆಯದಿದ್ದರೂ ದಿನಾ ಕಣಕ್ಕೆ ಹೋಗಿ ಎಡಗಡೆ ಹಲ್ಲಿನಲ್ಲಿ ಕಚ್ಚಿ ನೋಡಿಕೊಂಡು ಬರುತ್ತಿದ್ದೆ. ಕೆಲವೇ ದಿನಗಳಲ್ಲಿ ಆ ಹಲ್ಲಿಗೂ ಬೀಜದ ಪರಿಚಯವಾಯಿತು.

ಒಂದು ಸಂಜೆ ನಾನು ದನ ಕಟ್ಟಿ ಬರುವಷ್ಟರಲ್ಲಿ ಕಣದಲ್ಲಿ ಬಾಡಿಗೆ ಜೀಪು ನಿಂತಿತ್ತು. ಕಾಫಿಯನ್ನು ಚೀಲಕ್ಕೆ ತುಂಬಿಯಾಗಿತ್ತು, ಹೊಟ್ಟು ಬಿಡಿಸಿ ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್‌ಗೆ ಕಳಿಸುವ ಆತುರ. ಗಂಡ ಕಚ್ಚಿ ನೋಡಿ ಒಣಗಿದೆ ಅಂದಿದ್ದರಂತೆ. ನಾನು ಬೆಳಿಗ್ಗೆಯಷ್ಟೇ ನೋಡಿದ್ದೆ. ಇನ್ನೂ ಎರಡು ಬಿಸಿಲು ಬೇಕಿತ್ತು. ಕಟ್ಟದೆ ಉಳಿದಿದ್ದ ಚೀಲಕ್ಕೆ ಕೈ ಹಾಕಿ ತಳದಿಂದ ಬೀಜ ತೆಗೆದು, ಹೊಟ್ಟು ಬಿಡಿಸಿ, ಎಲ್ಲರೆದುರಿಗೆ ಕಚ್ಚಿದೆ. ಹಲ್ಲಿನ ಗುರುತು ಕೂತಿದ್ದ ಬೀಜವನ್ನು ಅಂಗೈಯಲ್ಲಿಟ್ಟು ಮಾವನ ಮುಂದೆ ಹಿಡಿದೆ. ಇದು ಹಸಿ, ಇದನ್ನು ಕಳಿಸಕೂಡದು ಅಂದೆ.

ಮಾವ ಬೀಜವನ್ನು ಉಗುರಿನಿಂದ ಒತ್ತಿ ನೋಡುತ್ತಿದ್ದರು. ಜೀಪಿನವನ ಎದುರು ಗಂಡನಿಗೆ ಅವಮಾನವಾಯಿತು.

"ಹಲ್ಲಿಲ್ಲದೋರ ಮಾತು ಕೇಳ್ಕೊಂಡು ಜೀಪು ವಾಪಸ್ ಕಳಿಸ್ಲಾ?"

ಅಂದಮೇಲೆ ಆ ಮಾತು ಯಾರಿಗೆಲ್ಲ ತಾಗಿತು ಅಂತ ಅವರಿಗೇ ಗೊತ್ತಾಯಿತು. ಮಾವ ನಿಧಾನವಾಗಿ ತಲೆ ಎತ್ತಿ ಮಗನನ್ನು ನೋಡಿದರು.

"ಹಾಗಾದ್ರೆ ನನ್ ಮಾತೂ ಬೇಡ ನಿಂಗೆ," ಅಂದರು. ಆಮೇಲೆ ಅಂದರು, "ಚೀಲ ಬಿಚ್ಚು."

ಅವರು ಹೇಳುವ ಹೊತ್ತಿಗೆ ನಾನು ಒಂದು ಚೀಲ ಎಳೆದು ಕಣಕ್ಕೆ ಸುರಿದಾಗಿತ್ತು. ಬಿಚ್ಚಬೇಡ ಅಂದಿದ್ದರೂ ಸುರಿಯುತ್ತಿದ್ದೆ.