ಕೊಕ್ಕೆ ಮೇಲೆ, ಕೊಕ್ಕೆ ಕೆಳಗೆ

ನಂಜನಗೂಡಿನ ಡಿಟಿಪಿ ಸೆಂಟರೊಂದರಲ್ಲಿ ನಾನು ಕೆಲಸಕ್ಕಿದ್ದಾಗ, ಟಿ. ನರಸೀಪುರದ ಗಣಿತದ ಮೇಷ್ಟ್ರೊಬ್ಬರು ತಮ್ಮ ಪುಸ್ತಕದ ಹಸ್ತಪ್ರತಿ ತಂದರು. ಮೊದಲ ದಿನವೇ ಮಾಲೀಕರನ್ನು ಕೇಳಿದರು: "ಈ ಹುಡುಗಿ ಓದಿರೋದು ಪಿಯುಸಿ, ಅದೂ ಆರ್ಟ್ಸು. ಗಣಿತ ಇವಳ ಕೈಲಿ ಆಗ್ತದೇನ್ರೀ?" ನಾನು ಎದುರಿಗೇ ಕೂತಿದ್ದೆ. ಆ ಗಳಿಗೆಯಿಂದ ಆ ಮನುಷ್ಯನನ್ನು ಕಂಡರೆ ನನಗಾಗುತ್ತಿರಲಿಲ್ಲ.

ಗಣಿತಕ್ಕೆಂದೇ ನಾನು ಲೇಟೆಕ್ ಎಂಬ ಸಾಫ್ಟ್‌ವೇರ್ ಕಲಿತಿದ್ದೆ. ಅದರಲ್ಲಿ ಪ್ರತಿ ಚಿಹ್ನೆಗೂ ಒಂದು ಪದ ಟೈಪ್ ಮಾಡಬೇಕು. ಅವರ ಒಂದು ಅಧ್ಯಾಯದ ತುಂಬ ಒಂದೇ ಚಿಹ್ನೆ: ಸಂಖ್ಯೆಯ ಎರಡೂ ಬದಿಗೆ ನೆಟ್ಟಗೆ ನಿಂತ ಗೆರೆ, ಗೆರೆಗೊಂದು ಕೊಕ್ಕೆ. ಕೊಕ್ಕೆ ಕೆಳಗಿದ್ದರೆ ಮೂರೂಮುಕ್ಕಾಲು ಮೂರಕ್ಕಿಳಿಯುತ್ತದೆ, ಮೇಲಿದ್ದರೆ ನಾಲ್ಕಕ್ಕೇರುತ್ತದೆ. ಅವರು ಬರೆದಂತೆಯೇ ಮೇಲೆ ಹಾಕಿದೆ. ಪ್ರತಿ ಸಲವೂ ಉದ್ದದ ಪದ ಟೈಪ್ ಮಾಡುವ ಬೇಸರಕ್ಕೆ ಅದಕ್ಕೊಂದು ಗಿಡ್ಡ ಹೆಸರಿಟ್ಟು, ಆ ಹೆಸರಿನ ಅರ್ಥವನ್ನು ಫೈಲಿನ ಮೊದಲಲ್ಲೇ ಒಂದು ಸಾಲಿನಲ್ಲಿ ಬರೆದಿಟ್ಟುಕೊಂಡಿದ್ದೆ.

ಪ್ರೂಫ್ ನೋಡಿದ ಮೇಷ್ಟ್ರು ಗಿರಾಕಿಗಳೆದುರೇ ಹಾಳೆಗಳನ್ನು ನನ್ನ ಕೀಬೋರ್ಡಿನ ಮೇಲೆಸೆದರು.

"ಕಣ್ಣು ಕಾಣಲ್ವೇನಮ್ಮಾ? ಎಲ್ಲಾ ತಲೆಕೆಳಗು ಮಾಡಿಟ್ಟಿದ್ದೀಯಲ್ಲ!"

"ನೀವ್ ಬರ್ದಿರೋದೇ ಅಂಗೆ ಸಾ. ನೋಡಿ, ಕೊಕ್ಕೆ ಮೇಲ್ಗಡೆ ಐತೆ."

ಹಸ್ತಪ್ರತಿ ನೋಡಿದರು. ಮುಖ ಕಪ್ಪಿಟ್ಟಿತು. "ಬರೆಯೋ ಭರದಲ್ಲಿ ಆಗಿರ್ತದೆ. ತಲೆ ಇದ್ದೋರು ಅರ್ಥ ಮಾಡ್ಕೋತಾರೆ."

"ಸಾರಿ ಕೇಳಮ್ಮ," ಎಂದರು ಮಾಲೀಕರು. ಕೇಳಿದೆ. ಕೇಳಿ, ಮೇಷ್ಟ್ರಿಗೆ ಹೇಳಿದೆ: "ಒಂದೊಂದ್ ಕಡೇನೂ ಕೆಂಪಿಂಕಲ್ಲಿ ಗುರ್ತು ಹಾಕ್ಕೊಡಿ ಸಾ. ನಂಗೆ ತಲೆ ಇಲ್ವಲ್ಲ."

ಎರಡು ದಿನ ಅವರು ಬಸ್ಸಿನಲ್ಲಿ ಬಂದು, ಫ್ಯಾನಿನ ಗಾಳಿ ಬಾರದ ಬೆಂಚಿನ ಮೇಲೆ ಕೂತು ಗುರುತು ಹಾಕಿದರು. ನೀರು ಬೇಕೇ ಎಂದೂ ನಾನು ಕೇಳಲಿಲ್ಲ.

ಮೂರನೇ ದಿನ, ಅವರು ನನ್ನ ಬೆನ್ನ ಹಿಂದೆ ನಿಂತಿದ್ದಾಗ, ಫೈಲಿನ ಮೊದಲಿನ ಆ ಒಂದು ಸಾಲಿನಲ್ಲಿ ಒಂದೇ ಪದ ಬದಲಿಸಿದೆ. ಅಧ್ಯಾಯದ ಅಷ್ಟೂ ಕೊಕ್ಕೆಗಳು ಒಟ್ಟಿಗೇ ಕೆಳಗಿಳಿದವು.

"ಇಷ್ಟೇನಾ?" ಮೇಷ್ಟ್ರು ಪರದೆಯತ್ತ ಬಗ್ಗಿದರು. "ಮೊದಲೇ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು ಸಾ."

ಕೆಂಪು ಗುರುತಿನ ಹಾಳೆಗಳನ್ನು ಬಾಚಿಕೊಂಡು, ಉಳಿದ ಹಸ್ತಪ್ರತಿಯನ್ನೂ ಕಿತ್ತುಕೊಂಡು ಹೋದರು; ಮೈಸೂರಿನ ಪ್ರೆಸ್ಸಿಗೆ ಕೊಟ್ಟರಂತೆ. ಮಾಲೀಕರು ವಾರವಿಡೀ ನನ್ನನ್ನು ಬೈದರು.

"ವಯಸ್ಸಾದೋರು, ಪಾಪ ಅನ್ನಿಸ್ಲಿಲ್ವೇನೇ?" ಎಂದು ನನ್ನ ಅಕ್ಕ ಕೇಳಿದಳು. ಅನ್ನಿಸಲಿಲ್ಲ. ಮುಂದಿನ ನಾಲ್ಕು ಅಧ್ಯಾಯಗಳು ಕೈತಪ್ಪಿದವಲ್ಲ, ಅದೊಂದೇ ಹೊಟ್ಟೆಯುರಿ. ಅವು ಇನ್ನೂ ಕಷ್ಟದವು ಎಂದು ಮೇಷ್ಟ್ರೇ ಹೇಳಿದ್ದರು.