ಕೂಸಿನ ಕೌದಿಗೆ ಬ್ಯಾಡಾದ ಅರಿವಿ

"ಈ ಅರಿವಿ ಯಾಕ ಕೊಟ್ಟೀಯವ್ವಾ? ಕೂಸಿನ ಕೌದಿಗೆ ಸತ್ತವರದು ಹಚ್ಚಬಾರದು," ಅಂತ ಕಣ್ಣು ಕಾಣದ ನಮ್ಮತ್ತಿ ಒಂದು ತುಣುಕು ಬಾಜೂಕಿಟ್ರು.

ಶಿಗ್ಗಾಂವದ ಉರಿ ಬಿಸಿಲಿಗೆ ಬಾಗಿಲಾ ಹಾಕ್ಕೊಂಡು, ನನ್ನ ಮಗಳ ಬಾಣಂತನಕ್ಕಂತ ನಾವಿಬ್ಬರೂ ನಡುಮನ್ಯಾಗ ಹಳೇ ಅರಿವಿ ಕೂಡಿಸಿ ಕೌದಿ ಹೊಲಿಯಾಕತ್ತಿದ್ವಿ. ಆ ತುಣುಕು ನನ್ನ ಮೈದುನನ ಅಂಗೀದು. ಗಂಟಿನ್ಯಾಗ ಹೆಂಗ ಬಂತೋ ಗೊತ್ತಿಲ್ಲ. ಮಿಲಿಟರಿಗೆ ಹೋಗಿದ್ದ ಅಂವ ಗಡಿ ಲಡಾಯಿಯೊಳಗ ತೀರಿಕೊಂಡಿದ್ದ. ಮುದುಕಿ ಜೀವ ತಡಕೊಳ್ಳೂದಿಲ್ಲಂತ ಮನ್ಯಾಗ ಯಾರೂ ಅತ್ತಿಗೆ ಹೇಳಿರಲಿಲ್ಲ.

"ಏನ್ ಮಾತಾಡ್ತೀರಿ ಅತ್ತಿ? ಅದು ನಿಮ್ಮ ಸಣ್ಣ ಮಗನ ಅಂಗಿ. ಅಂವ ಚೊಲೋ ಅದಾನ," ಅಂದೆ.

"ಕಣ್ಣು ಹೋಗಿದ್ದು ನನ್ನವು. ನಿನಗ ಕೈ ಇಲ್ಲೇನು? ಮುಟ್ಟಿ ನೋಡು."

ಮುಟ್ಟಿದೆ. ಸೂಜಿ ಸುದ್ದಾ ಸುಡೂ ಆ ಧಗಿಯೊಳಗ ಅದೊಂದ ತುಣುಕು ಬಾವಿ ನೀರಿನಂಗ ತಣ್ಣಗಿತ್ತು. ಅತ್ತಿ ಹಲ್ಲಿಲೆ ದಾರ ಕಡದು ಬ್ಯಾರೆ ತುಣುಕು ತಗೊಂಡ್ರು.

ಈಗ ಆ ಅರಿವಿ ಅವರು ತಾವ ತಮ್ಮ ತಲಿದಿಂಬಿನೊಳಗ ಇಟ್ಕೊಂಡಾರ. ಮಗನ ಸುದ್ದಿ ಅವರು ಕೇಳೂದಿಲ್ಲ, ನಾವು ಹೇಳೂದಿಲ್ಲ. ಮುಂಜಾನೆ ಹಾಸಿಗಿ ತಗೀವಾಗ ಆ ದಿಂಬು ಮುಟ್ಟಾಕ ನನಗ ಇನ್ನೂ ಧೈರ್ಯ ಸಾಲವಲ್ದು.