ತಲೆಬಾಗಿಲ ಸಂದಿನ ಗಾಳಿ

ನಮ್ಮ ಕಡೆ ಬಾಣಂತಿಗೆ ಬುದ್ಧಿ ಹೇಳದವರೇ ಇಲ್ಲ. ಮಗಳು ಚೊಚ್ಚಲ ಹೆರಿಗೆ ಮುಗಿಸಿಕೊಂಡು ಹುಣಸೂರಿನ ಆಸ್ಪತ್ರೆಯಿಂದ ಪಿರಿಯಾಪಟ್ಟಣದ ಪಕ್ಕದ ನಮ್ಮ ಹಳ್ಳಿಗೆ ಬಂದಾಗಿನಿಂದ ನೋಡಲು ಬಂದವರದೆಲ್ಲ ಒಂದೇ ರಾಗ. "ಕಿವಿಗೆ ಹತ್ತಿ ಮಡಿಕೊ. ತಲೆಗೆ ಬಟ್ಟೆ ಬಿಗಿಯಾಗಿ ಕಟ್ಕೊ. ಗಾಳಿ ತಗುಲಿಸ್ಕೋಬ್ಯಾಡ ಕಣವ್ವ." ಅವರು ನಿಂತು ಮಾತಾಡುತ್ತಿದ್ದ ಜಾಗದಲ್ಲೇ ನಮ್ಮ ತಲೆಬಾಗಿಲ ಸಂದಿನಿಂದ ಚಳಿಗಾಲದ ಗಾಳಿ ಸೊಯ್ಯೆಂದು ನುಗ್ಗುತ್ತಿತ್ತು. ಬಾಗಿಲಿನ ಬಗ್ಗೆ ಒಬ್ಬರೂ ತುಟಿ ಬಿಚ್ಚಲಿಲ್ಲ.

ಅದು ನನ್ನ ಗಂಡನ ಅಜ್ಜನ ಕಾಲದ ಬಾಗಿಲು. ಎರಡು ಕದ ಸೇರುವಲ್ಲಿ ಬೆರಳು ತೂರುತ್ತದೆ. ಕೆಳಗೆ ಬುಡದ ಮರ ಕೊಳೆತು ಲಡ್ಡಾಗಿ, ಹೊಸಿಲಿನ ಮೇಲೆ ಬೆಕ್ಕು ಕಾಲು ಚಾಚುವಷ್ಟು ಸಂದು. ಒಳಕೋಣೆಯಲ್ಲಿ ಹದವಾದ ಹೊಗೆಸೊಪ್ಪು ಪೇರಿಸಿಟ್ಟಿದ್ದರಿಂದ ಮಗಳ ಮಂಚ ನಡುಮನೆಯಲ್ಲಿ, ಬಾಗಿಲಿಗೆ ನೇರ. ಸೊಪ್ಪಿಗೆ ಶೀತ ಆಗಬಾರದಲ್ಲ!

ಏನಾದರೂ ಮಾಡಿ ಎಂದರೆ ನಮ್ಮ ಯಜಮಾನರು, "ಅಳೇ ಬಾಗ್ಲು ಅಂದ್ಮೇಲೆ ಸಂದು ಇದ್ದೇ ಇರ್ತದೆ ಕಣೆ. ಮನೆಗೆ ಗಾಳಿ ಆಡ್ಬೇಕು," ಎಂದುಬಿಟ್ಟರು. ಇದೇ ಮನುಷ್ಯ ಕೊನೆಯ ಸುತ್ತಿನ ಸೊಪ್ಪು ಬೇಯಿಸುವಾಗ, ಅದನ್ನು ಕಾವು ಕೊಟ್ಟು ಒಣಗಿಸುವ ಬ್ಯಾರನ್ನಿನ ಬಾಗಿಲಿಗೆ ಊದುಬತ್ತಿ ಹಿಡಿದು, ಹೊಗೆ ಎತ್ತ ವಾಲುತ್ತದೆ ಎಂದು ನೋಡುತ್ತ ನಿಂತಿದ್ದವರು. ವಾಲಿದ ಕಡೆಯಲ್ಲೆಲ್ಲ ಗೋಣಿ ತುರುಕಿ ಮಣ್ಣು ಮೆತ್ತಿದ್ದರು. ಗಾಳಿ ಹೊಕ್ಕರೆ ಎಲೆಯ ಬಣ್ಣ ಕೆಡುತ್ತದಂತೆ. ನನಗೆ ಮೈಯೆಲ್ಲ ಉರಿದುಹೋಯಿತು.

ಅಂದುಕೊಂಡಂತೆ ಕೂಸಿಗೆ ಮೂಗು ಕಟ್ಟಿತು. ಹಾಲು ಕುಡಿಯಲು ಆಗದೆ ಕಿರುಚುತ್ತಿತ್ತು. ಆಸ್ಪತ್ರೆಯಲ್ಲಿ ಮೂಗಿಗೆ ಹನಿ ಕೊಟ್ಟು, ಬೆಚ್ಚಗಿಡಿ ಎಂದರು. ಊರಿನವರು ಏನೆಂದರು ಗೊತ್ತೇ? ಮಗಳು ಕದ್ದು ಬಾಳೆಹಣ್ಣು ತಿಂದಿರಬೇಕಂತೆ! "ಬಾಣಂತಿ ಬಾಯಿ ಕಟ್ಬೇಕು," ಎಂದಳು ಪಕ್ಕದ ಮನೆಯಾಕೆ, ಮಗಳಿಗೆ ಕೇಳುವ ಹಾಗೇ. ಮಗಳು ಬಾಳೆಹಣ್ಣಿನ ಮುಖ ಸಹ ನೋಡಿರಲಿಲ್ಲ. ಗೋಡೆ ಕಡೆ ತಿರುಗಿ ಅತ್ತಳು.

ಮರುದಿನ ಯಜಮಾನರು ಸೊಪ್ಪು ಮಾರಲು ಹೋದರು. ನಾನು ಪಂಕ್ಚರ್ ಅಂಗಡಿಯಿಂದ ಬಿಸಾಡುವ ಸೈಕಲ್ ಟ್ಯೂಬುಗಳನ್ನು ತಂದೆ. ಕೊಂಡದ್ದು ಒಂದು ಪೊಟ್ಟಣ ಸಣ್ಣ ಮೊಳೆ ಮಾತ್ರ. ಟ್ಯೂಬನ್ನು ಉದ್ದಕ್ಕೆ ಸೀಳಿ, ಒಂದು ಕದದ ಅಂಚಿಗೆ ಹೊಡೆದು, ಇನ್ನೊಂದರ ಮೇಲೆ ಒರಗುವಂತೆ ಮಾಡಿದೆ. ನಡುವಿನ ಸಂದು ಮುಚ್ಚಿತು. ಕೆಳಗೆ ಮಾತ್ರ ಲಡ್ಡು ಮರದಲ್ಲಿ ಮೊಳೆ ನಿಲ್ಲಲಿಲ್ಲ. ಪಟ್ಟಿಯನ್ನು ಹೊಸಿಲಿಗೇ ಹೊಡೆಯಬೇಕು.

ಸುತ್ತಿಗೆ ಎತ್ತಿದ್ದೇ ತಡ, ಅತ್ತೆ ಹಿತ್ತಿಲಿನಿಂದ ಓಡಿ ಬಂದರು. "ಒಸ್ಲು ಕಣವ್ವ ಅದು! ದಿನಾ ಅರಿಶಿನ ಕುಂಕುಮ ಇಕ್ತೀವಿ. ಅದಕ್ಕೆ ಮೊಳೆ ಒಡೀತೀಯಾ?"

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. "ಲಕ್ಷ್ಮಿ ಬರ್ಲಿ ಅಂತ ಪೂಜೆ ಮಾಡೋದು ಅತ್ತೆ, ಗಾಳಿ ಬರ್ಲಿ ಅಂತಲ್ಲ! ಕೂಸು ಉಸಿರಾಡಕ್ಕಾಗ್ದೆ ಒದ್ದಾಡ್ತಾದೆ. ಸೊಪ್ಪಿಗಿರೋ ಮರ್ಯಾದೆ ಅದಕ್ಕಿಲ್ವಾ?"

ಅತ್ತೆ ನೆಲಕ್ಕೆ ಕೂತು ಸಂದಿಗೆ ಅಂಗೈ ಒಡ್ಡಿದರು.

"ನನ್ನ ಎರಡ್ನೇ ಕೂಸಿಗೂ ಇಂಗೇ ಮೂಗು ಕಟ್ಟಿತ್ತು," ಎಂದರು. "ಇದೇ ಜಾಗದಲ್ಲೇ ಮಲಗಿದ್ದೆ. ಕೂಸು ಉಳೀನಿಲ್ಲ. ಬಾಳೆಹಣ್ಣು ತಿಂದ್ಬುಟ್ಲು ಅಂದ್ರು. ನಾನು ತಿಂದೇ ಇರ್ನಿಲ್ಲ ಕಣವ್ವ."

ಈ ಮನೆಗೆ ಸೊಸೆಯಾಗಿ ಬಂದು ಇಷ್ಟು ವರ್ಷವಾದರೂ ಆ ಕೂಸಿನ ಸುದ್ದಿಯನ್ನು ಯಾರೂ ನನಗೆ ಹೇಳಿರಲಿಲ್ಲ. ಮಂಚದ ಮೇಲೆ ಮಗಳು ಎದ್ದು ಕೂತಿದ್ದಳು.

"ಒಡಿ ಮೊಳೆಯ," ಎಂದು ಅತ್ತೆ ಟ್ಯೂಬಿನ ತುದಿಯನ್ನು ತಾವೇ ಹೊಸಿಲಿಗೆ ಒತ್ತಿ ಹಿಡಿದುಕೊಂಡರು.

ಹೊಡೆದೆ. ಕೂಸು ಚೇತರಿಸಿಕೊಂಡಿತು, ಈಗ ಅಂಬೆಗಾಲಿಡುತ್ತದೆ. ನನ್ನ ಸಿಟ್ಟು ಮಾತ್ರ ಇಳಿದಿಲ್ಲ. ಅತ್ತೆಯ ಮೇಲೆ ಆ ಮಾತು ಹೊರಿಸಿದವರು ಯಾರೂ ಈಗ ಬದುಕಿಲ್ಲ. ಬದುಕಿದ್ದಿದ್ದರೆ ಒಬ್ಬೊಬ್ಬರನ್ನೂ ಎಳೆದು ತಂದು, ಆ ಪಟ್ಟಿ ಕಿತ್ತು, ಸಂದಿಗೆ ಎದೆಗೊಟ್ಟು ಮಲಗಿ ಎನ್ನುತ್ತಿದ್ದೆ.